ಬ್ರೆಜಿಲ್‌ನ ಸಿಎಸ್‌ವಿ ಫೈಲಿನ ಸಂಖ್ಯೆಗಳು ಎಕ್ಸೆಲ್‌ನಲ್ಲಿ ಕೆಡುತ್ತಿದ್ದರೆ

ಪೋರ್ಚುಗೀಸ್‌ನಲ್ಲಿ ದಶಮಾಂಶಕ್ಕೆ ಅಲ್ಪವಿರಾಮ. ಬ್ರೆಜಿಲ್‌ನಲ್ಲಿ ಸಾವಿರ ಬೇರ್ಪಡಿಸಲು ಚುಕ್ಕೆ: ನಮ್ಮ 1,234.56 ಅಲ್ಲಿ 1.234,56. ಸಿಎಸ್‌ವಿ ಎಂಬುದು ಕಾಲಂಗಳನ್ನು ಒಂದು ಚಿಹ್ನೆಯಿಂದ ಬೇರ್ಪಡಿಸಿದ ಪಠ್ಯ ಫೈಲ್; ಅಲ್ಲಿ ಆ ಚಿಹ್ನೆ ಸಾಮಾನ್ಯವಾಗಿ ಅರ್ಧವಿರಾಮ (ಸೆಮಿಕೋಲನ್).

ಭಾರತದ ಸೆಟ್ಟಿಂಗ್ ಇರುವ ಎಕ್ಸೆಲ್‌ಗೆ ಇದನ್ನು ನೇರವಾಗಿ ಲೋಡ್ ಮಾಡಿದರೆ 250,75 ಎಂಬುದು 25075 ಆಗುತ್ತದೆ. 1.250 (ಅಂದರೆ ನಮ್ಮ 1,250) ಎಂಬುದು 1.25 ಆಗುತ್ತದೆ. ಎರಡನೆಯದೇ ಹೆಚ್ಚು ಅಪಾಯ. ಎರರ್ ಏನೂ ತೋರಿಸುವುದಿಲ್ಲ, ಮೊತ್ತ ಮಾತ್ರ ತಪ್ಪಿರುತ್ತದೆ.

ಸೆಲ್ ಫಾರ್ಮ್ಯಾಟ್ ಬದಲಿಸಿ ಪ್ರಯೋಜನವಿಲ್ಲ, ಅದು ತೋರಿಕೆಯನ್ನಷ್ಟೇ ಬದಲಿಸುತ್ತದೆ. ಫೈಂಡ್-ರಿಪ್ಲೇಸ್ ಕೂಡ ತಡವಾಯಿತು, ಮೂಲ ಅಂಕಿ ಆಗಲೇ ಹೋಗಿರುತ್ತದೆ. ವಿಂಡೋಸ್‌ನ ರೀಜನ್ ಬದಲಿಸಿದರೆ ನಮ್ಮ ಉಳಿದ ಸಿಎಸ್‌ವಿ ಫೈಲುಗಳ ಅಂಕಿಗಳನ್ನು ಎಕ್ಸೆಲ್ ತಪ್ಪಾಗಿ ಓದಬಹುದು.

ಸರಿಹೋದ ಕ್ರಮ: ಡೇಟಾ ಮೆನುವಿನಲ್ಲಿ 'ಫ್ರಮ್ ಟೆಕ್ಸ್ಟ್/ಸಿಎಸ್‌ವಿ'. ಫೈಲ್ ಒರಿಜಿನ್ (ಅಕ್ಷರಗಳ ಸಂಕೇತ ಪದ್ಧತಿ) 65001 ಯುಟಿಎಫ್-8, ಡಿಲಿಮಿಟರ್ (ಕಾಲಂ ಬೇರ್ಪಡಿಸುವ ಚಿಹ್ನೆ) ಸೆಮಿಕೋಲನ್. ಲೋಡ್ ಒತ್ತಬೇಡಿ, 'ಟ್ರಾನ್ಸ್‌ಫಾರ್ಮ್ ಡೇಟಾ' ಒತ್ತಿ. ಆಗ ತೆರೆಯುವ ಕಿಟಕಿಯ ಬಲಗಡೆಯ ಅಪ್ಲೈಡ್ ಸ್ಟೆಪ್ಸ್ ಪಟ್ಟಿಯಲ್ಲಿ ತಾನಾಗಿ ಸೇರಿರುವ 'ಚೇಂಜ್ಡ್ ಟೈಪ್' ಅನ್ನು ಮೊದಲು ಅಳಿಸಿ. ಇದೇ ಮುಖ್ಯ. ಅದನ್ನು ಉಳಿಸಿಕೊಂಡು ಹೊಸ ಹಂತ ಸೇರಿಸಿದರೆ, ಆಗಲೇ ಕೆಟ್ಟ ಅಂಕಿಯೇ ಮತ್ತೆ ಪರಿವರ್ತನೆಯಾಗುತ್ತದೆ. ಈಗ ಎಲ್ಲ ಕಾಲಂಗಳೂ ಪಠ್ಯವಾಗಿರುತ್ತವೆ. ಸಂಖ್ಯೆಯ ಕಾಲಂನ ತಲೆಯ ಮೇಲೆ ರೈಟ್ ಕ್ಲಿಕ್ ಮಾಡಿ ಚೇಂಜ್ ಟೈಪ್, ಯೂಸಿಂಗ್ ಲೊಕೇಲ್. ಟೈಪ್ 'ಡೆಸಿಮಲ್ ನಂಬರ್', ಲೊಕೇಲ್ (ಅಂಕಿ, ದಿನಾಂಕ ಬರೆಯುವ ದೇಶದ ಪದ್ಧತಿ) 'ಪೋರ್ಚುಗೀಸ್ (ಬ್ರೆಜಿಲ್)'. ದಿನಾಂಕದ ಕಾಲಂಗೂ ಹೀಗೆಯೇ, ಟೈಪ್ ಮಾತ್ರ 'ಡೇಟ್'.

ಪೋರ್ಚುಗಲ್‌ನ ಫೈಲಿನಲ್ಲಿ ಸಾವಿರಕ್ಕೆ ಚುಕ್ಕೆಯ ಬದಲು ಖಾಲಿ ಜಾಗ ಇರಬಹುದು. ಟೈಪ್ ಬದಲಿಸುವ ಮೊದಲೇ ಆ ಜಾಗವನ್ನು ಫೈಲಿನಿಂದಲೇ ಕಾಪಿ ಮಾಡಿ 'ರಿಪ್ಲೇಸ್ ವ್ಯಾಲ್ಯೂಸ್'ನಲ್ಲಿ ತೆಗೆಯಿರಿ. ಅದು ಸಾಮಾನ್ಯ ಸ್ಪೇಸ್ ಆಗಿರದೆ ನಾನ್-ಬ್ರೇಕಿಂಗ್ ಸ್ಪೇಸ್ (ನೋಡಲು ಸ್ಪೇಸ್‌ನಂತೆಯೇ ಇರುವ ಬೇರೆ ಅಕ್ಷರ) ಆಗಿದ್ದರೆ ಕೀಬೋರ್ಡಿನ ಸ್ಪೇಸ್ ಹೊಂದುವುದಿಲ್ಲ.