ನೇಮಕದ ಪತ್ರ ಬಂದ ದಿನವೇ ಜೈಲಿಗೆ ಹೋಗಿ

ಆರೋಪಿಗೆ ಉಚಿತ ವಕೀಲರಾಗಿ ನಿಮ್ಮನ್ನು ನೇಮಿಸುವ ಕಾನೂನು ಸೇವಾ ಪ್ರಾಧಿಕಾರದ ಪತ್ರ ಕೈಗೆ ಬಂದಾಗ ಮೊದಲು ಓದಬೇಕಾದ್ದು ಫೈಲಲ್ಲ, ಆರೋಪಿಯ ಮುಖ. ಕೋರ್ಟಿನ ವರಾಂಡದಲ್ಲಿ ಪೊಲೀಸರ ಎದುರು 'ಏನಾಯ್ತಪ್ಪಾ' ಎಂದು ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ಪ್ರಾಧಿಕಾರದ ಪಟ್ಟಿಗೆ ಸೇರಿ ಪ್ಯಾನಲ್ ವಕೀಲೆಯಾದ ಹೊಸತರಲ್ಲಿ ನಾನು ಮಾಡಿದ್ದು ಅದನ್ನೇ. ಕಳ್ಳತನದ ಕೇಸಿನ ಹುಡುಗನನ್ನು ಮೊದಲು ನೋಡಿದ್ದು ಹಿಯರಿಂಗ್ ದಿನ. ರಾತ್ರಿ ಕೂತು ಎಣಿಸಿದೆ: ಚಾರ್ಜ್‌ಶೀಟ್ ಬಂದದ್ದು ರಿಮಾಂಡಿನ, ಅಂದರೆ ಕೋರ್ಟು ಅವನನ್ನು ಬಂಧನಕ್ಕೆ ಕಳಿಸಿದ ದಿನದಿಂದ, 64ನೇ ದಿನ. ಅಂಥ ಕೇಸಿನಲ್ಲಿ 60 ದಿನದೊಳಗೆ ಚಾರ್ಜ್‌ಶೀಟ್ ಬರಬೇಕು. ಅದು ಬಾರದ ಮೂರು ದಿನ ಜಾಮೀನು ಅವನ ಹಕ್ಕಾಗಿತ್ತು, ಅರ್ಜಿ ಹಾಕಬೇಕಾದವಳು ನಾನು. ಆ ಮೂರು ದಿನ ಇವತ್ತಿಗೂ ಚುಚ್ಚುತ್ತದೆ.

ಹಾಗಾಗಿ ಡೈರಿಯಲ್ಲಿ ಮೊದಲು ರಿಮಾಂಡ್ ತಾರೀಖು ಬರೆದುಕೊಳ್ಳಿ. ಆ ದಿನವನ್ನೂ ಸೇರಿಸಿ ಎಣಿಸಿ. ಸಿಆರ್‌ಪಿಸಿಯ ಬದಲಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 187ನೇ ಕಲಮಿನಂತೆ ಮರಣದಂಡನೆ, ಜೀವಾವಧಿ, 10 ವರ್ಷ ಅಥವಾ ಮೇಲ್ಪಟ್ಟ ಶಿಕ್ಷೆಯ ಕೇಸಿಗೆ ಚಾರ್ಜ್‌ಶೀಟ್ ಗಡುವು 90 ದಿನ, ಉಳಿದವಕ್ಕೆ 60. ಕೆಲವು ವಿಶೇಷ ಕಾಯ್ದೆಗಳ ಲೆಕ್ಕ ಬೇರೆ. ಗಡುವು ದಾಟಿದ ಬೆಳಿಗ್ಗೆಯೇ ಅರ್ಜಿ ಹಾಕಿ. ಅದಕ್ಕೆ ಮುಂಚೆ ಚಾರ್ಜ್‌ಶೀಟ್ ಬಂದರೆ ಆ ಹಕ್ಕು ಹೋಯಿತು.

ಜೈಲಿನಲ್ಲಿ ಕೂತ ಕೂಡಲೇ 'ನನಗೆ ಒಂದು ರೂಪಾಯಿಯೂ ಕೊಡಬೇಕಿಲ್ಲ' ಎಂದು ಹೇಳಿ. ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಉಚಿತ ನೆರವು ಕೊಡುತ್ತದೆ. ಇದನ್ನು ಎಷ್ಟೋ ಮಂದಿ ನಂಬುವುದೇ ಇಲ್ಲ. ಆಮೇಲೆ, ಬಾಯಿಪಾಠವಿರುವ ಫೋನ್ ನಂಬರ್ ಯಾವುದೆಂದು ಕೇಳಿ. ಮೊಬೈಲ್ ಪೊಲೀಸರ ಬಳಿ ಇರುತ್ತದೆ. ಒಬ್ಬಾತ ಕಣ್ಣು ಮುಚ್ಚಿ ಮಗ್ಗಿ ಒಪ್ಪಿಸಿದಂತೆ ಪಕ್ಕದ ಮನೆಯವರ ನಂಬರ್ ಹೇಳಿದ. ಆ ಸಂಜೆಯೇ ಅವನ ತಾಯಿ ಸಿಕ್ಕರು, ಶ್ಯೂರಿಟಿ, ಅಂದರೆ ಜಾಮೀನಿಗೆ ಹೊಣೆ, ನಿಲ್ಲುವ ಸೋದರಮಾವನೂ ಸಿಕ್ಕ.

ಕೋರ್ಟಿನಲ್ಲಿ 'ಇವತ್ತೇ ಪಾಟೀಸವಾಲು (ಎದುರು ಪಕ್ಷದ ಸಾಕ್ಷಿಗೆ ಪ್ರಶ್ನೆ ಕೇಳುವುದು) ಮುಗಿಸಿ' ಎಂದರೆ ಒಪ್ಪಬೇಡಿ, ಲಿಖಿತವಾಗಿ ಸಮಯ ಕೇಳಿ. ಜೀವಾವಧಿ ಅಥವಾ ಮರಣದಂಡನೆಯ ಸಾಧ್ಯತೆಯಿರುವ ಕೇಸುಗಳಲ್ಲಿ ನೇಮಕವಾದ ವಕೀಲರ ತಯಾರಿಗೆ ಸಾಮಾನ್ಯವಾಗಿ ಕನಿಷ್ಠ 7 ದಿನ ಬೇಕೆಂದು 2019ರ ಅನೋಖಿಲಾಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಬೇಲ್ ಆದೇಶ ಸಿಕ್ಕಿತೆಂದು ಫೈಲ್ ಕಟ್ಟಿಡಬೇಡಿ. ಶ್ಯೂರಿಟಿ ಸಿಗದೆ ಆದೇಶ ಕೈಯಲ್ಲಿ ಹಿಡಿದುಕೊಂಡೇ ಒಳಗೆ ಉಳಿಯುವವರಿದ್ದಾರೆ. ಒಂದು ತಿಂಗಳಲ್ಲಿ ಬಾಂಡ್ ಕೊಡಲಾಗದಿದ್ದರೆ ಕೋರ್ಟು ತಾನಾಗಿಯೇ ಷರತ್ತು ಸಡಿಲಿಸುವುದನ್ನು ಪರಿಶೀಲಿಸಬಹುದೆಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶನ ಕೊಟ್ಟಿದೆ. ನೀವು ತಿಂಗಳು ಕಾಯಬೇಡಿ. ವಾರದೊಳಗೆ ಜೈಲಿಗೆ ಫೋನ್ ಮಾಡಿ, ಹುಡುಗ ಮನೆಗೆ ಹೋದನೇ ಎಂದು ಕೇಳಿ. ಇಲ್ಲವೆಂದರೆ ಷರತ್ತು ಸಡಿಲಿಸುವ ಅರ್ಜಿಯನ್ನು ಮರುದಿನವೇ ಹಾಕಿ.