ಪಾಸ್‌ಬುಕ್‌ನಲ್ಲಿ ಬೇರೆಯವನ ಹೆಸರು

ನಾನು ಕುವೈತಿಗೆ ಹೋದದ್ದು 2012ರಲ್ಲಿ, ಖಾದಿಮ್ ವೀಸಾದಲ್ಲಿ. ಮನೆಗೆಲಸದ ವೀಸಾ ಅದು, ಅಲ್ಲಿನವರ ಬಾಯಲ್ಲಿ ‘ಆರ್ಟಿಕಲ್ 20’. ಈ ವೀಸಾದವನು ಕಫೀಲನ, ಅಂದರೆ ವೀಸಾ ಕೊಟ್ಟ ಮಾಲೀಕನ, ಮನೆ ಬಿಟ್ಟು ಹೊರಗೆಲ್ಲೂ ದುಡಿಯುವಂತಿಲ್ಲ. ಎರಡು ವರ್ಷ ಅವನ ಅಡಿಗೆಮನೆಯಲ್ಲಿದ್ದೆ. ಐದು ತಿಂಗಳ ಸಂಬಳ ನಿಂತಾಗ, ಒಂದು ಶುಕ್ರವಾರ ಹೊರಬಂದವನು ವಾಪಸು ಹೋಗಲಿಲ್ಲ. ಪಾಸ್‌ಪೋರ್ಟು ಅವನ ಕಪಾಟಿನಲ್ಲೇ ಉಳಿಯಿತು. ಓಡಿಹೋದನೆಂದು ಕೇಸು ಕೊಟ್ಟ. ಅಲ್ಲಿಂದ ನಾನು ‘ಖಲ್ಲಿವಲ್ಲಿ’. ಕಾಗದವಿಲ್ಲದವನಿಗೆ ಗಲ್ಫಿನಲ್ಲಿ ನಮ್ಮವರು ಇಟ್ಟ ಹೆಸರು.

ಕೆಲಸಕ್ಕೇನೂ ಬರವಿರಲಿಲ್ಲ. ಫರ್ವಾನಿಯಾದ ಕೆಫೆಟೇರಿಯಾ ಒಂದರಲ್ಲಿ ಪರೋಟ ಹಾಕುತ್ತಿದ್ದೆ, ತಿಂಗಳಿಗೆ 140 ದಿನಾರ್. ಜಲೀಬ್‌ನಲ್ಲಿ ಏಳು ಜನರ ಕೋಣೆ. ಬಾಡಿಗೆ, ಮೆಸ್ಸು ಕಳೆದು 80 ಉಳಿಯುತ್ತಿತ್ತು. ಆಗಿನ ದರದಲ್ಲಿ ಹದಿನೇಳು ಸಾವಿರ ಚಿಲ್ಲರೆ. ಅದನ್ನು ಕುಂದಾಪುರ ಮುಟ್ಟಿಸುವುದೇ ಕಷ್ಟ. ಎಕ್ಸ್‌ಚೇಂಜ್ ಕೌಂಟರಿನಲ್ಲಿ ಮೊದಲು ಕೇಳುವುದೇ ಬತಾಕ, ಅಂದರೆ ಸಿವಿಲ್ ಐಡಿ. ನನ್ನದರ ಅವಧಿ ಮುಗಿದಿತ್ತು.

ಕೋಣೆಯಲ್ಲಿದ್ದ ಭಟ್ಕಳದ ಹುಡುಗನ ಬತಾಕದಲ್ಲಿ ಕಳಿಸತೊಡಗಿದೆ. ಅವನು ಕೌಂಟರಿಗೆ ಹೋಗುವಾಗ ನಾನು ಎದುರಿನ ಬಕಾಲದಲ್ಲಿ, ಅಂದರೆ ಕಿರಾಣಿ ಅಂಗಡಿಯಲ್ಲಿ, ಮೊಸರಿನ ಡಬ್ಬಿ ಕೈಯಲ್ಲಿ ಹಿಡಿದು, ಗಾಜಿನಾಚೆಗೆ ಕಣ್ಣಿಟ್ಟು ನಿಂತಿರುತ್ತಿದ್ದೆ. ಪೊಲೀಸ್ ಗಾಡಿ ಕಂಡರೆ ಡಬ್ಬಿ ಫ್ರಿಜ್ಜಿಗೆ, ನಾನು ಹಿಂಬಾಗಿಲಿಗೆ. ಅವನ ಸಂಬಳಕ್ಕಿಂತ ಹೆಚ್ಚು ಹೋದರೆ ಪ್ರಶ್ನೆ ಬಂದೀತೆಂಬ ಹೆದರಿಕೆಗೆ ಕೆಲವು ತಿಂಗಳು ಅರ್ಧವಷ್ಟೇ ಕಳಿಸಿದ್ದುಂಟು. ಒಂದು ನೋಟ್‌ಬುಕ್ಕಿನಲ್ಲಿ ತಾರೀಕು, ದಿನಾರ್, ರೂಪಾಯಿ ಬರೆದಿಡುತ್ತಿದ್ದೆ. ಪಾಸ್‌ಬುಕ್ಕಿನಲ್ಲಿ ಅವನ ಹೆಸರು ಕಂಡ ಅಮ್ಮ ಫೋನಿನಲ್ಲಿ ಕೇಳಿದ್ದಳು: “ಮಗಾ, ಇದ್ಯಾರು? ಸಾಲ ಏನಾದ್ರೂ ಮಾಡಿದ್ಯಾ?”

ಅವನು ರಜೆಗೆ ಊರಿಗೆ ಹೋದಾಗ ಹುಂಡಿಯೇ ಗತಿ, ಅಂದರೆ ಬ್ಯಾಂಕಿನ ಹೊರಗೆ ಏಜೆಂಟರ ಮೂಲಕ ಹಣ ದಾಟಿಸುವುದು. ಅಮ್ಮ ತನ್ನ ಬಳಿಯ ಹತ್ತು ರೂಪಾಯಿ ನೋಟಿನ ನಂಬರು ಹೇಳುವಳು. ಬೈಕಿನವನು ಬಂದು ಆ ನೋಟು ನೋಡಿ ಕಟ್ಟು ಕೊಟ್ಟು ಹೋಗುವನು. ದರ ಬ್ಯಾಂಕಿಗಿಂತ ಮೇಲು ಎಂದು ನಾನೂ ಖುಷಿಪಟ್ಟಿದ್ದೆ, ಸುಳ್ಳೇಕೆ. 2016ರ ನವೆಂಬರ್ 8ರಂದು ನೋಟು ರದ್ದಾಯಿತು. ಎರಡು ದಿನ ಬಿಟ್ಟು ಬಂದ ಕಟ್ಟಿನಲ್ಲಿದ್ದದ್ದೆಲ್ಲ ಹಳೆಯ 500, 1000. “ಬ್ಯಾಂಕಿಗೆ ಹಾಕಿ ಅಮ್ಮಾ, ತಗೊಳ್ತಾರೆ” ಎಂದನಂತೆ. ಮಂಡಿನೋವಿನವಳು ಮೂರು ದಿನ ಸಾಲು ನಿಂತು ಕಟ್ಟಿದಳು. ತಂಗಿಯ ಫೀಸಿಗೆ ಬೇಕಾದ ನಗದು ತೆಗೆಯಲು ಮತ್ತೆ ಸಾಲು. ದೂರು ಕೊಡುವುದಾದರೂ ಯಾರಿಗೆ? ಹುಂಡಿಯೂ ಕಾನೂನಿನ ಹೊರಗೆ, ನಾನೂ ಹೊರಗೆ.

2018ರ ಜನವರಿ 29ಕ್ಕೆ ಕುವೈತ್ ಸರ್ಕಾರ ಕ್ಷಮಾದಾನದ ಅವಧಿ ಶುರುಮಾಡಿತು. ಅವಧಿ ಮೀರಿ ಉಳಿದವರಿಗೆ ಆಗ ದಿನಕ್ಕೆ 2 ದಿನಾರ್‌ನಂತೆ ಬೆಳೆದು 600ಕ್ಕೆ ನಿಲ್ಲುತ್ತಿದ್ದ ದಂಡ, ದೇಶ ಬಿಟ್ಟು ಹೋಗುವವರಿಗೆ ಮಾಫಿ. ರಾಯಭಾರ ಕಚೇರಿಯ ಸಾಲಿನಲ್ಲಿ ನಿಂತು, ಪಾಸ್‌ಪೋರ್ಟಿನ ಬದಲು ಒಂದೇ ಪಯಣಕ್ಕೆ ಆಗುವ ಎಮರ್ಜೆನ್ಸಿ ಸರ್ಟಿಫಿಕೇಟ್ ಪಡೆದು ಊರು ಸೇರಿದೆ.

ಸಣ್ಣ ಹೋಟೆಲಿಗೆಂದು ಸಾಲ ಕೇಳಲು ಹೋದರೆ, ವಿದೇಶದ ದುಡಿಮೆಗೆ ದಾಖಲೆ ಕೊಡಿ ಎಂದರು. ಪಾಸ್‌ಬುಕ್ ತೋರಿಸಿದೆ. “ಇದು ನೀವಲ್ಲವಲ್ಲ.” ನೋಟ್‌ಬುಕ್ ಕೊಟ್ಟೆ. ಮ್ಯಾನೇಜರು ಎಣ್ಣೆ ಕಲೆಯ ಪುಟಗಳನ್ನು ಒಂದೊಂದಾಗಿ ತಿರುವಿ, ಮರ್ಯಾದೆಯಿಂದಲೇ ಮುಚ್ಚಿ ವಾಪಸು ಕೊಟ್ಟರು.

ಭಟ್ಕಳದ ಹುಡುಗ ಇನ್ನೂ ಅಲ್ಲೇ ಇದ್ದ. ಫೋನು ಮಾಡಿ ಹೇಳಿದೆ. “ಹಾಗಾದ್ರೆ ಆ ಸಾಲ ನಂಗೇ ಸಿಗುತ್ತೇನೋ ಕೇಳಿ ನೋಡಣ್ಣ” ಎಂದು ನಕ್ಕ.