ಬಿಸಿಲ ನಾಡಿನಲ್ಲಿ ನಾಯಿ ಜೊತೆ ಪ್ರಯಾಣ: ಮೊದಲು ಹೊತ್ತು ನೋಡಿ

ಮೈ ಬಿಸಿಯಾದರೆ ನಮಗೆ ತಲೆಯಿಂದ ಕಾಲಿನವರೆಗೂ ಬೆವರುತ್ತದೆ. ನಾಯಿಗೆ ಬೆವರುವುದು ಪಾದದಡಿ ಮಾತ್ರ. ಅದು ತಣಿಯುವುದು ನಾಲಿಗೆ ಚಾಚಿ ಏದುಸಿರು ಬಿಟ್ಟು. ಸುತ್ತಲಿನ ಗಾಳಿಯೇ 40 ಡಿಗ್ರಿ ದಾಟಿದಾಗ ಆ ಏದುಸಿರಿನಿಂದ ಹೆಚ್ಚು ಪ್ರಯೋಜನವಿಲ್ಲ. ಆದ್ದರಿಂದ ಬಳ್ಳಾರಿ, ರಾಯಚೂರು, ಕೊಪ್ಪಳದವರು ಹೋಗುವ ಊರಿಗಿಂತ ಮೊದಲು ಹೊರಡುವ ಹೊತ್ತನ್ನು ಗೊತ್ತು ಮಾಡಿಕೊಳ್ಳಬೇಕು. ಬೇಸಿಗೆಯಲ್ಲಿ ಬೆಳಗಿನ 5ಕ್ಕೆ ಹೊರಟು 9ರೊಳಗೆ ತಲುಪಿ. ದೂರದ ದಾರಿಯಾದರೆ ಸಂಜೆ 6ರ ಮೇಲೆ ಹೊರಡಿ. ಪಗ್‌ನಂಥ ಚಪ್ಪಟೆ ಮೂತಿಯ ನಾಯಿಗಳ ಉಸಿರಿನ ದಾರಿಯೇ ಕಿರಿದು. ಎಸಿ ಇಲ್ಲದ ಕಾರಿನಲ್ಲಿ ಅವನ್ನು ಹಗಲು ಒಯ್ಯಬೇಡಿ. ಮುಧೋಳ ತಳಿ ಬಿಸಿಲಿಗೆ ಒಗ್ಗಿದ್ದಲ್ಲವೇ ಎನ್ನುವವರಿದ್ದಾರೆ. ಅದು ಒಗ್ಗಿರುವುದು ಬಯಲಿಗೆ, ಮುಚ್ಚಿದ ಡಿಕ್ಕಿಗಲ್ಲ.

ತಿಂಗಳ ಮೊದಲು

ರೇಬೀಸ್ ಲಸಿಕೆ ಹಾಕಿಸಿದ ಮರುದಿನವೇ ರಕ್ಷಣೆ ಬರುವುದಿಲ್ಲ, ಮೊದಲ ಸಲವಾದರೆ ಮೂರು ವಾರವಾದರೂ ಬೇಕು. ಲಸಿಕೆ ಕಾರ್ಡು ಕೈಯಲ್ಲಿರಲಿ, ಅದರ ಫೋಟೊ ಮೊಬೈಲ್‌ನಲ್ಲೂ ಇರಲಿ. ಉಣ್ಣಿಗೆ ಔಷಧವನ್ನು ಪಶುವೈದ್ಯರಿಂದಲೇ ಬರೆಸಿಕೊಳ್ಳಿ. ಉಣ್ಣಿಯಿಂದ ಹರಡುವ ಜ್ವರ ರಕ್ತದ ಕಣಗಳನ್ನೇ ನಾಶ ಮಾಡುತ್ತದೆ.

ಹಾರ್ನೆಸ್ (ಎದೆಗೆ ಕಟ್ಟುವ ಪಟ್ಟಿ) ಅಥವಾ ಪಂಜರದ ಅಭ್ಯಾಸವೂ ಈಗಲೇ ಆಗಬೇಕು. ನಾಯಿ ಒಳಗೆ ನಿಲ್ಲುವಂತೆ, ತಿರುಗಿ ಮಲಗುವಂತೆ ಪಂಜರವಿರಲಿ. ಮೊದಲ ವಾರ ಬಾಗಿಲು ತೆರೆದಿಟ್ಟು ಊಟವನ್ನು ಅದರೊಳಗೇ ಹಾಕಿ. ಆಮೇಲೆ ಕಾರಿನಲ್ಲಿ ಹತ್ತು ನಿಮಿಷ, ಅರ್ಧ ಗಂಟೆಯ ಸಣ್ಣ ಸುತ್ತು.

ಕಾರಿನೊಳಗೆ

ಹೊರಡುವ 3-4 ಗಂಟೆ ಮೊದಲೇ ಊಟ ಮುಗಿದಿರಲಿ. ವರ್ಷ ತುಂಬದ ಮರಿಗಳು ಹೆಚ್ಚು ವಾಂತಿ ಮಾಡುತ್ತವೆ. ಒಳಗಿವಿಯ ಸಮತೋಲನ ಇನ್ನೂ ಬಲಿತಿರುವುದಿಲ್ಲ. ಮನುಷ್ಯರ ಮಾತ್ರೆಯನ್ನು ಅಂದಾಜಿನಲ್ಲಿ ಅರ್ಧ ಮಾಡಿ ಕೊಡಬೇಡಿ. ಪ್ಯಾರಾಸಿಟಮಾಲ್, ಐಬುಪ್ರೊಫೇನ್ ನಾಯಿಯ ಯಕೃತ್ತು, ಮೂತ್ರಪಿಂಡಗಳನ್ನು ಕೆಡಿಸಬಲ್ಲವು.

ಜಾಗ ಹಿಂದಿನ ಸೀಟಿನಲ್ಲಿ. ಬೆಲ್ಟಿನ ಪಟ್ಟಿಯನ್ನು ಎದೆಯ ಹಾರ್ನೆಸ್‌ಗೆ ಹಾಕಿ, ಕುತ್ತಿಗೆ ಪಟ್ಟಿಗಲ್ಲ. ಜೋರಾಗಿ ಬ್ರೇಕ್ ಹಾಕಿದರೆ ಕುತ್ತಿಗೆಗೇ ಪೆಟ್ಟು. ಕಿಟಕಿಯಿಂದ ತಲೆ ಹೊರಹಾಕಿಸಿ ಫೋಟೊ ತೆಗೆಯುವ ಚಟ ಬಿಡಿ. ಸಂಡೂರು, ತೋರಣಗಲ್ಲು ಕಡೆ ಅದಿರು ಲಾರಿಗಳ ಧೂಳು ನೇರ ಕಣ್ಣಿಗೆ ಹೊಡೆಯುತ್ತದೆ. ಹೊರಗೆ 35 ಡಿಗ್ರಿ ಇದ್ದರೆ, ನಿಲ್ಲಿಸಿದ ಕಾರಿನೊಳಗೆ ಹತ್ತು ನಿಮಿಷದಲ್ಲೇ 45ರ ಆಸುಪಾಸು. ಕಿಟಕಿ ಎರಡು ಬೆರಳು ಇಳಿಸಿಟ್ಟರೂ ಅಷ್ಟೇ. ಚಹಾಕ್ಕೆ ಇಳಿದರೆ ಒಬ್ಬರು ನಾಯಿಯ ಜೊತೆ ನೆರಳಲ್ಲಿರಿ.

ಇಳಿಸಿದಾಗ

ಎರಡು ಗಂಟೆಗೊಮ್ಮೆ ಇಳಿಸಿ. ಹತ್ತು ಕಿಲೊ ತೂಕದ ನಾಯಿಗೆ ಸಾಮಾನ್ಯ ದಿನ ಸುಮಾರು 600 ಮಿ.ಲೀ. ನೀರು ಬೇಕು. ಬೇಸಿಗೆಯ ದಾರಿಗೆ ಒಂದೂವರೆ ಲೀಟರ್ ಇಟ್ಟುಕೊಂಡು ಸ್ವಲ್ಪಸ್ವಲ್ಪ ಕುಡಿಸಿ. ಗಂಗಾವತಿ, ಸಿಂಧನೂರು ಕಡೆ ಭತ್ತದ ಗದ್ದೆಯ ನೀರಿಗೆ ಬಾಯಿ ಹಾಕಲು ಬಿಡಬೇಡಿ, ಕೀಟನಾಶಕ ಸೇರಿರಬಹುದು. ತುಂಗಭದ್ರಾ ಎಡದಂಡೆ ಕಾಲುವೆಯ ಬಳಿ ಹಗ್ಗ ಬಿಡಲೇಬೇಡಿ. ಕಾಂಕ್ರೀಟ್ ಇಳಿಜಾರಿನಲ್ಲಿ ಜಾರಿದ ನಾಯಿಗೆ ಉಗುರು ಊರಲು ಜಾಗವಿಲ್ಲ, ಈಜು ಬಂದರೂ ಮೇಲೆ ಹತ್ತಲಾರದು.

ಅಂಗೈ ಹಿಂಭಾಗವನ್ನು ನೆಲಕ್ಕೆ ಏಳು ಸೆಕೆಂಡ್ ಒತ್ತಿ. ನಿಮಗೆ ತಡೆಯಲಾಗದಿದ್ದರೆ ನಾಯಿಯ ಪಾದವೂ ಸುಡುತ್ತದೆ. ಹಂಪಿ, ಅಂಜನಾದ್ರಿಯ ಕಲ್ಲು ಸಂಜೆಯಾದರೂ ಬೇಗ ಆರುವುದಿಲ್ಲ. ರಸ್ತೆ ಬದಿಗೆಲ್ಲ ಬಳ್ಳಾರಿ ಜಾಲಿ. ಮತ್ತೆ ಹತ್ತಿಸುವ ಮುನ್ನ ಬೆರಳ ಸಂದು ಬಿಡಿಸಿ ಮುಳ್ಳು ನೋಡಿ. ಮಂಡಕ್ಕಿ ಒಗ್ಗರಣೆಯಲ್ಲಿ ಪಾಲು ಕೊಡುವ ಪ್ರೀತಿ ಬೇಡ: ಅದರ ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ.

ರೈಲಾದರೆ

ನಾಯಿಯನ್ನು ಜೊತೆಗೇ ಇಟ್ಟುಕೊಳ್ಳಲು ಪ್ರಥಮ ದರ್ಜೆ ಎಸಿಯಲ್ಲಿ ಇಡೀ ಕೂಪೆ (ಇಬ್ಬರ ಕೋಣೆ) ಅಥವಾ ಕ್ಯಾಬಿನ್ (ನಾಲ್ವರ ಕೋಣೆ) ನಿಮ್ಮದಾಗಿರಬೇಕು. ಸ್ಲೀಪರ್, 2 ಟಯರ್, 3 ಟಯರ್‌ನಲ್ಲಿ ಬಿಡುವುದಿಲ್ಲ. ಟಿಕೆಟ್, ಲಸಿಕೆ ಕಾರ್ಡು, ಹಿಂದಿನ ದಿನ ಪಡೆದ ಪಶುವೈದ್ಯರ ಪ್ರಮಾಣಪತ್ರ ಹಿಡಿದು ಎರಡು ಮೂರು ಗಂಟೆ ಮೊದಲೇ ಪಾರ್ಸೆಲ್ ಕಚೇರಿಗೆ ಹೋಗಿ ಬುಕ್ ಮಾಡಿಸಿ. ಬ್ರೇಕ್ ವ್ಯಾನಿನ (ಗಾರ್ಡ್ ಇರುವ ಬೋಗಿಯ) ನಾಯಿ ಪೆಟ್ಟಿಗೆ ಇನ್ನೊಂದು ದಾರಿ. ಆದರೆ ಬೇಸಿಗೆಯಲ್ಲಿ ಅದರಲ್ಲಿ ಕಳಿಸುವುದಕ್ಕಿಂತ ಮನೆಯಲ್ಲಿ ಯಾರಿಗಾದರೂ ಒಪ್ಪಿಸಿ ಹೋಗುವುದೇ ಮೇಲು.

ಬಿಸಿಲು ತಾಗಿದರೆ

ನಿಲ್ಲದ ಏದುಸಿರು, ಕಡುಕೆಂಪು ವಸಡು, ಅಂಟಾದ ಜೊಲ್ಲು, ತೂರಾಡುವ ನಡಿಗೆ ಇದರ ಗುರುತು. ನಾಯಿಯ ಸಹಜ ತಾಪ 101ರಿಂದ 102.5 ಫ್ಯಾರನ್‌ಹೀಟ್, 105 ದಾಟಿದರೆ ಜೀವಕ್ಕೇ ಕುತ್ತು. ನೆರಳಿಗೆ ಒಯ್ದು ಹೊಟ್ಟೆ, ತೊಡೆಸಂದು, ಕಂಕುಳಿಗೆ ಸಾದಾ ನೀರು ಸುರಿಯುತ್ತ ಗಾಳಿ ಹಾಕಿ. ಒದ್ದೆ ಟವೆಲ್ ಹೊದಿಸಿ ಬಿಟ್ಟರೆ ಬಿಸಿ ಒಳಗೇ ಉಳಿಯುತ್ತದೆ. ಬಾಯಿಗೆ ಬಲವಂತವಾಗಿ ನೀರು ಹೊಯ್ದರೆ ಶ್ವಾಸಕೋಶಕ್ಕೆ ಹೋಗಬಹುದು. ತಾಪ 103ಕ್ಕೆ ಇಳಿದ ಮೇಲೆ ನೀರು ಸುರಿಯುವುದನ್ನು ನಿಲ್ಲಿಸಿ. ಎದ್ದು ಓಡಾಡಿದರೂ ಅಂದೇ ಪಶು ಆಸ್ಪತ್ರೆಗೆ ತೋರಿಸಿ, ಮೂತ್ರಪಿಂಡಕ್ಕಾದ ಪೆಟ್ಟು ಒಂದೆರಡು ದಿನ ಕಳೆದ ಮೇಲೂ ಕಾಣಿಸಿಕೊಳ್ಳುತ್ತದೆ.